ರೈಲಿನಲ್ಲಿ ಬದುಕಿ ಉಳಿದ ಯೋಧ

ಅರವತ್ತರ ದಶಕದ ಆರಂಭದಲ್ಲಿ ನಾನು ದಾವಣಗೆರೆಯಲ್ಲಿ ಬಿ.ಎ. ಓದುತ್ತಿದ್ದಾಗ ಇಂಗ್ಲಿಷನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡವರು ಬೆರಳೆಣಿಕೆಯ ಮಂದಿ. ಹಳೆಯ ಇಂಗ್ಲಿಷ್ ಕಾವ್ಯ ಕಲಿಸುತ್ತಿದ್ದ ಮೇಷ್ಟ್ರು ಮೈಸೂರು ಕಡೆಯವರು. ತರಗತಿಯಲ್ಲಿ ಒಂದು ಕನ್ನಡ ಪದ ಕೇಳಿಸಿದರೂ ಆಡಿದವನು ಬಾಗಿಲ ಹೊರಗೆ. ಪಠ್ಯವಾಗಿದ್ದದ್ದು ಐದಾರು ಶತಮಾನ ಹಿಂದಿನ ಒಂದು ಕಥನಕಾವ್ಯ. ಅದರ ಇಂಗ್ಲಿಷು ನಮಗೆ ಗೊತ್ತಿದ್ದ ಇಂಗ್ಲಿಷಿನ ಮುತ್ತಜ್ಜನ ಹಾಗಿತ್ತು: ಮುಖಚಹರೆ ಗುರುತು ಸಿಗುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಮೇಷ್ಟ್ರು ಅದನ್ನು ಇಂಗ್ಲಿಷಿನಲ್ಲೇ ವಿವರಿಸುತ್ತಿದ್ದರು. ಆ ವಿವರಣೆಗೆ ಇನ್ನೊಬ್ಬ ಮೇಷ್ಟ್ರು ಬೇಕಿತ್ತು.

ಹರಿಹರದಿಂದ ನನ್ನ ಜೊತೆ ರೈಲಿನಲ್ಲಿ ಬರುತ್ತಿದ್ದ ಸ್ನೇಹಿತನಿಗೆ ಇದು ನಗುವ ವಿಷಯವಾಗಿರಲಿಲ್ಲ. ಕಾಲೇಜಿನ ಪೂರ್ವಪರೀಕ್ಷೆ ದಾಟಿದವರನ್ನಷ್ಟೇ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರಿಸುತ್ತಿದ್ದರು. ಹಿಂದಿನ ವರ್ಷ ಅವನು ಅಲ್ಲೇ ಎಡವಿದ್ದ. ಅವನ ತಂದೆ ಹೇಳಿಬಿಟ್ಟಿದ್ದರು: ‘ಈ ಸಲಾನೂ ಹೋತಂದ್ರ ಪುಸ್ತಕ ಕಟ್ಟಿಡು. ಹತ್ತಿ ಅಂಗಡ್ಯಾಗ ನಿನಗ ಜಾಗ ಐತೆ.’

ಮೇಷ್ಟ್ರೂ ಹರಿಹರದಲ್ಲೇ ಮನೆ ಮಾಡಿದ್ದರು. ಅದೇ ಬೆಳಗಿನ ಪ್ಯಾಸೆಂಜರಿನಲ್ಲಿ ಪತ್ರಿಕೆ ಅಗಲಿಸಿಕೊಂಡು ಕೂರುತ್ತಿದ್ದರು. ಅದೇ ಬೋಗಿಗೆ ಒಬ್ಬ ಅಜ್ಜಿಯೂ ಹತ್ತುತ್ತಿದ್ದರು. ದಾವಣಗೆರೆಯಲ್ಲಿದ್ದ ಮಗಳು ಹೆತ್ತು ಕೆಲವೇ ದಿನಗಳಾಗಿದ್ದವು. ಕೂಸಿಗೆ ನೀರು ಹಾಕಲು, ಮಡಿಲಲ್ಲಿ ಅಂಟಿನುಂಡೆಯ ಡಬ್ಬಿ ಇಟ್ಟುಕೊಂಡು, ದಿನಾ ಹೋಗಿಬರುತ್ತಿದ್ದರು. ನನ್ನ ಸ್ನೇಹಿತ ಒಂದು ಬೆಳಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಅವರ ಪಕ್ಕ ನಿಂತ.

‘ಅಜ್ಜಿ, ಆ ಕೋಟಿನ ಮೇಷ್ಟ್ರಿಗೆ ಒಂದು ಚಲೋ ಕಥಿ ಬರ್ತೈತೆ. ನಾವು ಕೇಳಿದ್ರ ಬೈತಾರ. ನೀವ್ ಕೇಳ್ರಿ.’

‘ಬೈಯೋದು ಯಾಕ?’

‘ನಾವು ದಡ್ಡರು ಅಂತ.’

‘ಅದೂ ಖರೇನ ಐತೆ ಬಿಡು’ ಎಂದ ಅಜ್ಜಿ, ಬೋಗಿ ಹತ್ತಿದ ಕೂಡಲೇ ಸರಿದು ಜಾಗ ಮಾಡಿದರು. ‘ಬರ್ರಿ ಮೇಷ್ಟ್ರೆ, ಇಲ್ಲಿ ಕೂಡ್ರಿ. ಅದೇನೋ ಕಥಿ ಐತಂತಲ್ಲ, ಹೇಳ್ರಿ.’

ಹಿರಿಯರು ಕೇಳಿದಾಗ ಇಲ್ಲವೆನ್ನಲು ಮೇಷ್ಟ್ರಿಗೆ ಬರಲಿಲ್ಲ. ಪತ್ರಿಕೆ ಮಡಚಿದರು. ಕನ್ನಡದಲ್ಲಿ ಅವರು ಬೇರೆಯೇ ಮನುಷ್ಯ. ಹರಕೆ ತೀರಿಸಲು ಹೊರಟ ಯೋಧ, ಕೋಟೆಯಲ್ಲಿ ಕಾಯುವ ಹೆಂಡತಿ, ದಾರಿಯ ಕಾಳಗ ಎಲ್ಲವೂ ಬೋಗಿಯೊಳಗೇ ನಡೆದಂತಿತ್ತು. ಕಥೆ ದಿನಕ್ಕಿಷ್ಟು ಮುಂದೆ ಹೋಗುತ್ತಿತ್ತು; ನಾವಿಬ್ಬರು ಬೆನ್ನು ತಿರುಗಿಸಿ ಕೂತು ಗೀಚಿಕೊಳ್ಳುತ್ತಿದ್ದೆವು.

‘ಆಕಿ ಒಬ್ಬಾಕೇನ ಇರ್ತಿದ್ಲಾ? ಅತ್ತಿ ಇರ್ಲಿಲ್ಲೇನ್ರಿ?’ ಎಂದು ಅಜ್ಜಿ ಒಂದು ದಿನ ಕೇಳಿದರು.

‘ಇದ್ರು’ ಎಂದರು ಮೇಷ್ಟ್ರು, ಅಜ್ಜಿಯ ಮುಖ ನೋಡಿ. ನಾವು ಅತ್ತೆಯನ್ನು ಬರೆದುಕೊಂಡೆವು.

ಕೊನೆಗೊಂದು ಬೆಳಗ್ಗೆ ಯೋಧ ಗಾಯಗೊಂಡು ಕೋಟೆಯ ಬಾಗಿಲಿಗೆ ಬಂದ. ಅಜ್ಜಿ ಕೈ ಅಡ್ಡ ಹಿಡಿದರು.

‘ಅವಂಗೇನೂ ಆಗಂಗಿಲ್ಲ ಹೌದಿಲ್ರಿ? ನಾನು ಬಾಣಂತಿ ಮನೀಗೆ ಹೊಂಟೀನಿ. ಬೆಳಬೆಳಗ್ಗೆ ಕೆಟ್ಟ ಸುದ್ದಿ ಬ್ಯಾಡ.’

ಮೇಷ್ಟ್ರು ಕಿಟಕಿಯಾಚೆ ನೋಡಿದರು. ದಾವಣಗೆರೆ ಗಿರಣಿಯ ಚಿಮಣಿ ಕಾಣಿಸತೊಡಗಿತ್ತು.

‘ಏನೂ ಆಗಲ್ಲಮ್ಮ. ಹೆಂಡತಿ ಬಾಗಿಲು ತೆಗೀತಾಳೆ. ಗಾಯಕ್ಕೆ ಅರಿಶಿನ ಹಚ್ತಾಳೆ.’

‘ಮಕ್ಕಳಾದ್ವಾ?’

‘ಒಂದು ಗಂಡು.’

‘ಹಂಗಿರ್ಬೇಕು ಕಥಿ’ ಎಂದು ಅಜ್ಜಿ ಡಬ್ಬಿ ಬಿಚ್ಚಿ ಅವರಿಗೊಂದು ಉಂಡೆ ಕೊಟ್ಟರು. ಇಂಗ್ಲೆಂಡಿನ ಕೋಟೆಗೆ ಅರಿಶಿನ ಎಲ್ಲಿಂದ ಬಂತೆಂದು ನಾವಿಬ್ಬರೂ ಯೋಚಿಸಲಿಲ್ಲ.

ಪೂರ್ವಪರೀಕ್ಷೆಯಲ್ಲಿ ಕಾವ್ಯದ ಅಂತ್ಯವನ್ನೇ ಕೇಳಿದ್ದರು. ಹಾಳೆ ತುಂಬಿಸಿ ಬರೆದೆವು. ಎರಡು ದಿನ ಬಿಟ್ಟು ಮೇಷ್ಟ್ರು ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಎದುರಿಗೆ ನಮ್ಮ ಉತ್ತರಪತ್ರಿಕೆಗಳಿದ್ದವು.

‘ಟರ್ಮರಿಕ್’ ಎಂದರು. ಎರಡರಲ್ಲೂ ಅದೇ ಇದೆ, ಇದು ಯಾವ ಪುಸ್ತಕದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸ್ನೇಹಿತನ ಮುಂದೆ ಹತ್ತಿ ಅಂಗಡಿ ಕಂಡಿರಬೇಕು. ಇಂಗ್ಲಿಷು ಬಾಯಿಗೆ ಬರಲಿಲ್ಲ. ‘ರೈಲಿನಾಗ ನೀವ ಹೇಳಿದ್ರಲ್ರೀ ಸಾರ್.’

ಮೇಷ್ಟ್ರು ಎದ್ದು ಹೋಗಿ ಬಾಗಿಲು ಹಾಕಿದರು. ಹೊರಗೆ ಕಳಿಸುತ್ತಾರೆಂದು ಕಾಯುತ್ತಿದ್ದ ನಾವು ಒಳಗೇ ಉಳಿದೆವು.

‘ಅತ್ತೆ ಇಲ್ಲ’ ಎಂದರು, ಕನ್ನಡದಲ್ಲಿ. ‘ಅರಿಶಿನ ಇಲ್ಲ. ಮಗು ಇಲ್ಲ. ಅವನು ಬಾಗಿಲಲ್ಲೇ ಸತ್ತುಹೋಗ್ತಾನೆ. ಕೂತ್ಕೊಳ್ಳಿ, ಯಾಕೆ ಅಂತ ಹೇಳ್ತೀನಿ.’

ಯಾರು ಬಂದು ಕರೆದರೂ ಬಾಗಿಲು ತೆಗೆಯಬೇಡವೆಂದು ಹೊರಡುವಾಗ ಯೋಧನೇ ಹೆಂಡತಿಗೆ ಹೇಳಿದ್ದನಂತೆ. ಅವನೇ ಬಂದು ಕರೆದಾಗಲೂ ಅವಳು ಆ ಮಾತು ಮೀರಲಿಲ್ಲ.

‘ತೆಗೀಬೇಕಿತ್ತು ಆಕಿ’ ಎಂದ ಸ್ನೇಹಿತ.

‘ತೆಗೀಲಿಲ್ಲ. ಅದನ್ನೇ ಬರೀರಿ. ಇಲ್ಲೇ, ಈಗಲೇ. ಇಂಗ್ಲಿಷಲ್ಲಿ.’

ನಾನು ಯೋಧನನ್ನು ಬೇಗನೆ ಮುಗಿಸಿದೆ. ಸ್ನೇಹಿತನಿಗೆ ಅವನನ್ನು ಸಾಯಿಸಲು ಕೈ ಬರಲಿಲ್ಲ. ಬಾಗಿಲ ಮುಂದೆ ಎಚ್ಚರ ತಪ್ಪಿ ಬಿದ್ದ ಎಂಬಲ್ಲಿಗೆ ನಿಲ್ಲಿಸಿ ಹಾಳೆ ಮುಂದಿಟ್ಟ.

ಮೇಷ್ಟ್ರು ಓದಿ ತಲೆಯೆತ್ತಿದರು. ‘ಇನ್ನೂ ಉಸಿರಾಡ್ತಿದಾನಾ?’

‘ಸ್ವಲ್ಪ ಐತ್ರೀ ಸಾರ್.’

ಮೇಷ್ಟ್ರು ಕೆಂಪು ಪೆನ್ನು ತೆಗೆದು, ಒಂದೇ ಸಾಲಿನಲ್ಲಿ ಯೋಧನನ್ನು ಸಾಯಿಸಿ, ನನ್ನ ಸ್ನೇಹಿತನನ್ನು ಪಾಸು ಮಾಡಿದರು.