ಪಾಪ್ಪಚ್ಚನ್‌ನ ಪಿ ಮತ್ತು ಬೇಲಿಯ ಹಲಸು

ಕಡಬದ ಪಾಪ್ಪಚ್ಚನ್‌ನ ಅಪ್ಪ ಕೇರಳದಿಂದ ಬಂದು ಕಾಡು ಕಡಿದ ಕಾಲದಲ್ಲಿ, ಗಡಿಯ ಮರಗಳಿಗೆಲ್ಲ ಕತ್ತಿಯಿಂದ ತನ್ನ ಹೆಸರಿನ ಮೊದಲಕ್ಷರ ಕೆತ್ತುತ್ತ ಹೋದನಂತೆ. ಅಕ್ಷರ ಇರುವಷ್ಟು ದೂರ ತೋಟ. ಮಗನಿಗೆ ಕತ್ತಿಯ ಜೊತೆ ಆ ಕಾನೂನೂ ಬಂತು. ರಬ್ಬರ್ ಮರ, ಬಕೆಟು, ಜೀಪು, ನಾಯಿಯ ಬೆನ್ನು, ಎಲ್ಲ ಕಡೆಯೂ ಇಂಗ್ಲಿಷಿನ ಒಂದು ದೊಡ್ಡ ಪಿ. ಕಚ್ಚಿ ಪ್ರತಿಭಟಿಸಿದ್ದು ನಾಯಿ ಮಾತ್ರ.

ಟೀಚರಾಗಿರುವ ಸೊಸೆ ಜಿಂಸಿ ಒಮ್ಮೆ ತಿಳಿಹೇಳಲು ಹೋದಳು. "ಅಪ್ಪಚ್ಚಾ, ಲೋಕದ ಪಿ ಎಲ್ಲ ನಿಮ್ಮದಲ್ಲ. ಶಾಲೆಯ ಹಾಜರಿಯಲ್ಲಿ ಪಿ ಅಂದ್ರೆ ಮಕ್ಕಳು ಬಂದಿದ್ದಾರೆ ಅಂತ. ಗೊಬ್ಬರದ ಚೀಲದಲ್ಲಿ ರಂಜಕ. ಪುತ್ತೂರು ಪೇಟೆಯ ಬೋರ್ಡಲ್ಲಿ ಗಾಡಿ ನಿಲ್ಲಿಸುವ ಜಾಗ."

"ಹಾಗಾದ್ರೆ ಪುತ್ತೂರಲ್ಲೂ ನಮಗೆ ಜಾಗ ಉಂಟಲ್ಲ!"

ಚರ್ಚಿನ ಹಾಡಿನ ಹಾಳೆಯಲ್ಲಿ ಪಿ ಬಂದಲ್ಲಿ ಮೆತ್ತಗೆ ಹಾಡಬೇಕು. ಈತ ತನ್ನ ಸರದಿ ಬಂತೆಂದು ಅಲ್ಲೇ ಗರ್ಜಿಸುತ್ತಿದ್ದ.

ಈ ಸಾಮ್ರಾಜ್ಯ ಪಕ್ಕದ ಮನೆಯ ಅಕ್ಕುವಿನ ಬೇಲಿಗೆ ಬಂದು ಮುಗ್ಗರಿಸಿತು. ಬೇಲಿಯ ಮೇಲೆ ಒಂದು ಹಲಸಿನ ಮರ. ಹಣ್ಣು ಯಾವ ಕಡೆ ಬಿತ್ತೋ ಆ ಕಡೆಯವರದ್ದು, ಹಿರಿಯರ ಕಾಲದಿಂದಲೂ ಅದೇ ಕ್ರಮ. ಅಕ್ಕುವಿನ ವರ್ಷದ ಹಪ್ಪಳವೆಲ್ಲ ಆ ಮರದ್ದೇ. ಕಳೆದ ಬೇಸಗೆಯಲ್ಲಿ ಪಾಪ್ಪಚ್ಚನ್ ಅದಕ್ಕೂ ಪಿ ಕೆತ್ತಿ, ಇಡೀ ಮರ ತನ್ನದೆಂದು ಸಾರಿದ.

ಅಕ್ಕು ಅಕ್ಷರವನ್ನು ಹೆರೆದು ಸೆಗಣಿ ಮೆತ್ತಿದಳು. ಆತ ಮತ್ತೆ ಕೆತ್ತಿದ. ಅವಳ ಕಲ್ಲಿಗೆ ಆತನ ಮುಂದಿನ ಹಲ್ಲು ಬಲಿಯಾಯಿತು. ಆತ ಎಸೆದ ಕೊಳೆತ ಹಲಸು ಅವಳ ನೆತ್ತಿಯ ಮೇಲೆ ಒಡೆಯಿತು. ಮೇಣ ಹಿಡಿದ ಅರ್ಧ ಜಡೆಯನ್ನು ಕತ್ತರಿಸಬೇಕಾಯಿತು. ರಕ್ತ, ಮೇಣ, ಎರಡು ಭಾಷೆಯ ಬೈಗುಳ ಒಟ್ಟಿಗೆ ಹರಿದವು.

ಕೊನೆಗೆ ಪಾಪ್ಪಚ್ಚನ್ ಕತ್ತಿ ಕಚ್ಚಿಕೊಂಡು ಮರವೇರಿದ. ಯಾರ ಕೈಗೂ ಎಟುಕದ ಎತ್ತರದಲ್ಲಿ ಮೊಳದುದ್ದದ ಪಿ ಕೆತ್ತತೊಡಗಿದ.

ಅಕ್ಕು ಹಣ್ಣು ಕೀಳುವ ಉದ್ದನೆಯ ದೋಟಿ ತಂದಳು. ಆತನ ನೆತ್ತಿಯ ಮೇಲಿದ್ದ ಕೆಂಜಿರುವೆಯ ಗೂಡಿಗೆ ಕೊಕ್ಕೆ ಸಿಕ್ಕಿಸಿ ಎಳೆದಳು.

ಸೈನ್ಯ ಅಂಗಿಯೊಳಗಿಳಿಯಿತು. ಚಕ್ರವರ್ತಿ ಎರಡೂ ಕೈಬಿಟ್ಟು ತುರಿಸಿಕೊಂಡ. ಕೊಂಬೆಯಿಂದ ಕೊಂಬೆಗೆ ಬಡಿಯುತ್ತ ಬಂದು, ಬಲಗೈ ಮುರಿದು, ಎರಡು ಪಕ್ಕೆಲುಬು ಬಿರಿದು, ಅಕ್ಕುವಿನ ಕೆಸುವಿನ ಸಾಲಿಗೆ ದೊಪ್ಪನೆ ಬಿದ್ದ.

"ಅಯ್ಯೋ ಅಕ್ಕಾ, ಕೈ ಹೋಯ್ತು! ಜೀಪು ತರ್ಲಿಕ್ಕೆ ಹೇಳಿ!"

"ತರುವ ಮಾರಾಯ. ಮೊದ್ಲು ಹೇಳು, ನೀನು ಬಿದ್ದದ್ದು ಯಾವ ಕಡೆ?"

"ಇದೆಂತ ಕೇಳುದು ನೀವು!"

"ಯಾವ ಕಡೆ?"

"ನಿಮ್ಮ ಕಡೆ..."

"ಹಾಗಾದ್ರೆ ಯಾರದ್ದು?"

ಒಂದು ಇರುವೆ ಆತನ ಕಣ್ಣರೆಪ್ಪೆ ಹಿಡಿಯಿತು. "ನಿಮ್ಮದು!"

"ಮರ?"

"ಅದೊಂದು ಮಾತ್ರ..."

ಅಕ್ಕು ದೋಟಿಯನ್ನು ಮತ್ತೆ ಎತ್ತಿದಳು. ಮೇಲೆ ಇನ್ನೊಂದು ಗೂಡು ಇತ್ತು.

"ಮರ ಮೊದ್ಲಿನ ಹಾಗೇ! ಹಣ್ಣು ಬಿದ್ದ ಕಡೆಯವರಿಗೆ!"

ಜಿಂಸಿ ಜೀಪು ತಂದಳು. ಅಕ್ಕು ತಾನೇ ಆತನ ಕಾಲು ಹಿಡಿದು ಒಳಗೆ ತುಂಬಿದಳು, ಮೂಟೆ ತುಂಬಿದ ಹಾಗೆ.

ಆಸ್ಪತ್ರೆಯಿಂದ ಪ್ಲಾಸ್ಟರ್ ಹಾಕಿಸಿಕೊಂಡು ಬಂದವನನ್ನು ನೋಡಲು ಅವಳು ಹಪ್ಪಳದ ಕಟ್ಟಿನೊಂದಿಗೆ ಹೋದಳು. ಆತನದೇ ಡಬ್ಬಿಯ ಕೆಂಪು ಪೈಂಟಿನಿಂದ ಆ ಬಿಳಿ ಕೈಯ ಮೇಲೆ ದೊಡ್ಡದಾಗಿ 'ಅ' ಎಂದು ಬರೆದಳು. ಆತ ಕೈ ಎಳೆದುಕೊಳ್ಳಲಿಲ್ಲ.

ಈಗ ಚರ್ಚಿನಲ್ಲಿ ಪಿ ಬಂದಾಗ ಆತ ಎಲ್ಲರಿಗಿಂತ ಮೆತ್ತಗೆ ಹಾಡುತ್ತಾನೆ. ಪಕ್ಕೆಲುಬು ಇನ್ನೂ ನೋಯುತ್ತದೆ.