ನನ್ನ ಬೆರಳಿಗೆ ಒಗ್ಗಿದ ತಂತಿ

ನನಗೆ ಕೀಲುವಾತ ಹಿಡಿದದ್ದು ಮಗಳು ಹುಟ್ಟಿದ ಆರನೇ ತಿಂಗಳಿಗೆ. ಆಗ ನನಗೆ ಇಪ್ಪತ್ತೆರಡು ವರ್ಷ. ನಾವು ತಮಿಳುನಾಡಿನ ಪಾಲಕೋಡಿನಲ್ಲಿ, ತರಕಾರಿ ಮಂಡಿಯ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದೆವು. ನನ್ನ ಗಂಡ ಮರಗೆಲಸದವರು. ಬಾಗಿಲು, ಕಿಟಕಿ, ಗಾಡಿಯ ನೊಗ, ಯಾರು ಏನು ಕೇಳಿದರೂ ಮಾಡಿಕೊಡುತ್ತಿದ್ದರು. ಅವರು ನನ್ನ ಅವ್ವನ ಕೊನೆಯ ತಮ್ಮ. ಮಾತು ಕಲಿತಾಗಿನಿಂದ ಮಾವ ಅಂತ ಕರೆದವಳು ಮದುವೆಯಾದ ಮೇಲೂ ಹಾಗೇ ಕರೆದೆ.

ಬೆಳಗ್ಗೆ ಎದ್ದರೆ ಬೆರಳುಗಳ ಗಿಣ್ಣು ಊದಿಕೊಂಡು ಬಿಸಿಯಾಗಿರುತ್ತಿದ್ದವು. ಬಟ್ಟೆ ಹಿಂಡಲಾಗುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸಲಾಗುತ್ತಿರಲಿಲ್ಲ. ಒಂದು ದಿನ ಮಗಳ ಹಾಲಿನ ಲೋಟ ಕೈಯಿಂದ ಜಾರಿಬಿತ್ತು. ಅವಳು ಅತ್ತಳು, ನಾನು ಅಳಲಿಲ್ಲ, ಅಳುವುದಕ್ಕೂ ಸುಸ್ತಾಗಿತ್ತು. ಅಂದಿನಿಂದ ಹಾಲು ಕುಡಿಸುವುದು ಮಾವನ ಕೆಲಸವಾಯಿತು. ನನಗೆ ಜಡೆ ಹಾಕುವುದೂ ಅವರದೇ. ಹಗ್ಗ ಹೊಸೆದ ಹಾಗೆ ಬಿಗಿಯಾಗಿ ಎಳೆದು ಹಾಕುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ತಲೆ ನೋಯುತ್ತಿತ್ತು, ಆದರೂ ಹೇಳುತ್ತಿರಲಿಲ್ಲ.

ಧರ್ಮಪುರಿಯ ಡಾಕ್ಟರಮ್ಮ ಮಾತ್ರೆ ಕೊಟ್ಟರು. ಅದು ನೋವನ್ನು ಸ್ವಲ್ಪ ಇಳಿಸಿ ಹೊಟ್ಟೆಯನ್ನು ಉರಿಸುತ್ತಿತ್ತು. ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ ಎಂದು ಆಕೆ ಮುಚ್ಚುಮರೆಯಿಲ್ಲದೆ ತಮಿಳಿನಲ್ಲಿ ಹೇಳಿದರು. ಕೈ ಸುಮ್ಮನೆ ಇಟ್ಟರೆ ಬೆರಳು ಹಾಗೇ ಮುದುಡಿಕೊಳ್ಳುತ್ತವೆ, ದಿನಾ ಆಡಿಸುತ್ತಿರಬೇಕು ಎಂದು ಒಂದು ರಬ್ಬರ್ ಚೆಂಡು ಹಿಚುಕಲು ಹೇಳಿದರು. ಎರಡು ತಿಂಗಳು ಹಿಚುಕಿದೆ. ಆಮೇಲೆ ಆ ಚೆಂಡನ್ನು ಕಂಡರೇ ಆಗದಂತಾಯಿತು.

"ಬೆರಳಾಡಿಸೋಕೆ ಚೆಂಡೇ ಆಗಬೇಕಾ?" ಎಂದರು ಮಾವ ಒಂದು ಸಂಜೆ. "ನಿಂಗೊಂದು ಗಿಟಾರ್ ಮಾಡ್ಕೊಡ್ತೀನಿ ಇರು."

ಮದುವೆಗೆ ಮುಂಚೆ ಅವರು ಏರ್ಕಾಡಿನ ಒಂದು ಕಾಫಿ ಎಸ್ಟೇಟಿನಲ್ಲಿ ಮೂರು ವರ್ಷ ಮರಗೆಲಸ ಮಾಡಿದ್ದರು. ಅಲ್ಲಿಯ ಸೂಪರ್‌ವೈಸರ್ ಒಬ್ಬರ ಗಿಟಾರಿನ ಕತ್ತು ಮುರಿದಾಗ ಇವರೇ ಕೂಡಿಸಿಕೊಟ್ಟಿದ್ದರು. ಆಗ ಅದರ ಅಳತೆಯನ್ನೆಲ್ಲ ಒಂದು ಕೋಲಿನ ಮೇಲೆ ಗೀರು ಹಾಕಿ ಇಟ್ಟುಕೊಂಡಿದ್ದರಂತೆ. ಆ ಕೋಲು ಅಟ್ಟದ ಮೇಲಿತ್ತು. ಕೆಲಸದ ನಡುವೆ ಬಿಡುವಾದಾಗಲೆಲ್ಲ ಕೂತು, ಮೂರು ತಿಂಗಳಲ್ಲಿ ಗಿಟಾರು ಮಾಡಿದರು. ಕತ್ತಿಗೆ ಎಸ್ಟೇಟಿನಿಂದ ತಂದಿದ್ದ ಸಿಲ್ವರ್ ಓಕ್ ತುಂಡು, ಮೈಗೆ ಪೆಟ್ಟಿಗೆಯ ತೆಳು ಹಲಗೆ, ತಂತಿ ಬಿಗಿಯುವ ಬಿರಡೆಗಳು ಹಲಸಿನ ಮರದವು. ಬೆರಳೊತ್ತುವ ಜಾಗಕ್ಕೆ ಸೈಕಲ್ ಕಡ್ಡಿ ಕತ್ತರಿಸಿ ಕೂರಿಸಿದ್ದರು. ಸ್ವಲ್ಪ ಓರೆಯಾಗಿತ್ತು, ಆದರೆ ತಟ್ಟಿದರೆ ಹೊಟ್ಟೆ ಗುಂ ಅನ್ನುತ್ತಿತ್ತು.

ತೊಂದರೆ ಶುರುವಾದದ್ದು ತಂತಿಯಿಂದ. ಮೊದಲು ಅವರು ಸೈಕಲ್ ಬ್ರೇಕಿನ ಕೇಬಲ್ ಬಿಚ್ಚಿ ಅದರ ಎಳೆಗಳನ್ನು ಕಟ್ಟಿದರು. ಒತ್ತಿದ ಮೊದಲ ದಿನವೇ ಬೆರಳ ತುದಿ ಸೀಳಿತು. ಆಮೇಲೆ ಕೀಲು, ಬಿಜಾಗರಿ ತರಲು ಸೇಲಂಗೆ ಹೋದಾಗ ಅಲ್ಲಿಂದ ಗಿಟಾರಿನ ಉಕ್ಕಿನ ತಂತಿಯನ್ನೇ ತಂದರು. ದನಿ ಚೆನ್ನಾಗಿತ್ತು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತು ಕೇಳಿದರು. ಆದರೆ ಆ ತಂತಿಯನ್ನು ಮರಕ್ಕೆ ಮುಟ್ಟುವ ಹಾಗೆ ಒತ್ತುವಷ್ಟರಲ್ಲಿ ನೋವು ಬೆರಳ ಗಿಣ್ಣಿನಿಂದ ಮೊಣಕೈವರೆಗೆ ಹರಿಯುತ್ತಿತ್ತು. ನಾಲ್ಕು ದಿನ ಹಲ್ಲು ಕಚ್ಚಿಕೊಂಡು ನುಡಿಸಿದೆ. ಐದನೇ ದಿನ ಅನ್ನ ಕಲಸಲಾಗಲಿಲ್ಲ. ಮಾವ ತಂತಿ ಬಿಚ್ಚಿದರು.

ನಂಗವಳ್ಳಿಯ ಹತ್ತಿರದ ನನ್ನ ತವರಿನಲ್ಲಿ ಅಪ್ಪ ಕುರಿ ಸಾಕಿಕೊಂಡು ಕಂಬಳಿ ನೇಯುತ್ತಿದ್ದರು. ಉಣ್ಣೆ ಬಡಿಯುವ ಬಿಲ್ಲಿಗೆ ಕುರಿಯ ಕರುಳನ್ನೇ ಹುರಿ ಮಾಡಿ ಕಟ್ಟುವುದು ನಮ್ಮಲ್ಲಿ ವಾಡಿಕೆ. ನನ್ನ ಸಮಾಚಾರ ತಿಳಿದು ಅಪ್ಪ ಸಣ್ಣ ಕರುಳು ಆರಿಸಿ, ಹೆರೆದು ತೊಳೆದು, ಹುರಿಗೊಳಿಸಿ, ನೆರಳಲ್ಲಿ ಒಣಗಿಸಿದ ಆರು ತಂತಿಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿ ತಂದರು. ಅಷ್ಟು ಮೆತ್ತನೆಯ ತಂತಿಯನ್ನು ನಾನು ಮುಟ್ಟಿರಲಿಲ್ಲ. ದನಿಯೂ ಮಾತಾಡಿದ ಹಾಗಿತ್ತು. ಆ ಬೇಸಿಗೆಯೆಲ್ಲ ಅದರ ಮೇಲೆ ಅವ್ವನ ಸೋಬಾನೆ ಹಾಡುಗಳನ್ನು ಒಂದೊಂದೇ ಸ್ವರ ಹುಡುಕಿ ಕೂಡಿಸಿದೆ. ಹೇಳಿಕೊಡುವವರು ಯಾರೂ ಇರಲಿಲ್ಲ.

ದೀಪಾವಳಿ ಹೊತ್ತಿಗೆ, ತಮಿಳರ ಐಪ್ಪಸಿ ತಿಂಗಳ ಮಳೆ ಹಿಡಿದಾಗ ಕರುಳಿನ ತಂತಿ ತೇವಕ್ಕೆ ಸಡಿಲಾಗತೊಡಗಿತು. ಬಿರಡೆ ತಿರುಗಿಸಬೇಕಾದ್ದು ನಾನು, ಮಳೆಗಾಲದಲ್ಲಿ ನನ್ನ ಕೈಯೂ ಊದುತ್ತಿತ್ತು. ಒಂದು ಹಾಡಿಗೆ ನಾಲ್ಕು ಸಲ ಬಿಗಿಯಬೇಕು. ತಂತಿಯ ಎಳೆಗಳು ಕಿತ್ತುಬಂದು ಬೆರಳನ್ನು ತರಚುತ್ತಿದ್ದವು. ಆದರೂ ಬಿಚ್ಚಲಿಲ್ಲ. ಅಪ್ಪ ಮಾಡಿ ತಂದದ್ದು, ಬೇಡ ಅನ್ನುವುದು ಹೇಗೆ?

ಕಾರ್ತಿಕದಲ್ಲಿ ಅಪ್ಪ ಬಂದವರು ನಾನು ನುಡಿಸುವುದನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಚೆನ್ನಾಗೇ ಐತಪ್ಪಾ."

"ಚೆನ್ನಾಗಿಲ್ಲ. ಕೊಟ್ಟೋನು ಬ್ಯಾಸರ ಪಟ್ಕೊಂತಾನೆ ಅಂತ ಕೈ ಕೆಡಿಸ್ಕೋಬ್ಯಾಡ ಕೂಸೆ. ಮೆಟ್ಟೂರಾಗೆ ಮೀನು ಹಿಡಿಯೋರು ನೈಲಾನ್ ದಾರ ಇಟ್ಟವ್ರೆ. ಮಳೆ ಬಂದ್ರೂ ಒಂದೇ, ಬಿಸ್ಲಾದ್ರೂ ಒಂದೇ. ಅದ್ನ ನೋಡೋಗು."

ಮುಂದಿನ ವಾರ ಮಗಳನ್ನು ಅವ್ವನ ಹತ್ತಿರ ಬಿಟ್ಟು ನಾನೂ ಮಾವನೂ ಮೆಟ್ಟೂರಿಗೆ ಹೊರಟೆವು. ಮಾವ ತಾವೊಬ್ಬರೇ ಹೋಗಿ ತರುತ್ತೇನೆ ಅಂದರು. ನಾನು ಒಪ್ಪಲಿಲ್ಲ. ತಂತಿ ಸರಿಯಿದೆಯೋ ಇಲ್ಲವೋ ಹೇಳಬೇಕಾದ್ದು ನನ್ನ ಬೆರಳು. ಬಸ್ಸಿನಲ್ಲಿ ಕಂಬಿ ಹಿಡಿಯಲಾಗದೆ ಅವರ ತೋಳಿಗೆ ಕೈ ಸಿಕ್ಕಿಸಿ ನಿಂತಿದ್ದೆ. ಇಳಿಯುವ ಹೊತ್ತಿಗೆ ಮಂಡಿ ಎರಡೂ ಬಿಗಿದುಕೊಂಡಿದ್ದವು. ಅಂಗಡಿಯವರೆಗಿನ ದಾರಿಯಲ್ಲಿ ಎರಡು ಸಲ ಕೂತೆ.

ಬಲೆ, ಗಾಳ ಮಾರುವ ಚಿಕ್ಕ ಅಂಗಡಿ ಅದು. ಅಂಗಡಿಯವರು ವಯಸ್ಸಾದವರು. "ಎನ್ನ ಮೀನ್ ಪುಡಿಕ್ಕಣುಂ?" ಎಂದು ಕೇಳಿದರು, ಯಾವ ಮೀನು ಹಿಡಿಯಬೇಕು ಅಂತ.

"ಮೀನಿಗಲ್ಲ, ನುಡಿಸೋಕೆ" ಎಂದು ಮಾವ ತಮಿಳಿನಲ್ಲಿ ಹೇಳಿ ಗಿಟಾರಿನ ಆಕಾರವನ್ನು ಗಾಳಿಯಲ್ಲಿ ತೋರಿಸಿದರು. ಅಂಗಡಿಯವರು ನನ್ನ ಕೈ ನೋಡಿದರು. ಸ್ಟೂಲು ಎಳೆದು ಹಾಕಿ, ಏಳೆಂಟು ಉಂಡೆ ದಾರ ತಂದು ಮುಂದಿಟ್ಟರು.

ಮಾವ ಒಂದೊಂದು ದಾರದ ತುದಿಯನ್ನು ಕಿಟಕಿಯ ಕಂಬಿಗೆ ಕಟ್ಟಿ ಎಳೆದು ಹಿಡಿದರು. ನಾನು ಎಡಗೈಯಿಂದ ಒತ್ತಿ, ಬಲಗೈಯಿಂದ ಮೀಟಿದೆ. ಬಹಳ ಸಣ್ಣದು ಚರ್ಮಕ್ಕೆ ಕೊರೆಯುತ್ತಿತ್ತು. ಬಹಳ ದಪ್ಪದ್ದು ದಬ್ ಎಂದು ಸತ್ತ ದನಿ ಕೊಡುತ್ತಿತ್ತು. ಕಣ್ಣು ಮುಚ್ಚಿ ಮುಟ್ಟುತ್ತಾ ಹೋದೆ. ಒಂದು ಗಂಟೆಯಾಗಿರಬೇಕು. ಗಿರಾಕಿಗಳು ಬಂದು ಹೋದರು, ಯಾರೂ ನಮ್ಮನ್ನು ಅವಸರಪಡಿಸಲಿಲ್ಲ. ಕೊನೆಗೆ ಎರಡು ಗಾತ್ರದ ದಾರ ಆರಿಸಿದೆ.

"ಹೊಸ ದಾರ ಹಿಗ್ತಾನೇ ಇರುತ್ತೆ. ಕಟ್ಟೋಕೆ ಮುಂಚೆ ಎರಡು ದಿನ ಕಲ್ಲು ಕಟ್ಟಿ ತೂಗುಹಾಕಿ" ಎಂದರು ಅಂಗಡಿಯವರು.

ಹಾಗೇ ಮಾಡಿದೆವು. ತೊಲೆಯಿಂದ ದಾರ ಇಳಿಬಿಟ್ಟು ತುದಿಗೆ ಇಟ್ಟಿಗೆ ಕಟ್ಟಿದೆವು. ಮಂದ್ರದ ಎರಡು ತಂತಿಗೆ ಮಾವ ಮೋಟಾರ್ ವೈಂಡಿಂಗ್ ಅಂಗಡಿಯಿಂದ ಕೂದಲೆಳೆಯಂಥ ತಾಮ್ರದ ತಂತಿ ತಂದು ನೈಲಾನಿನ ಮೇಲೆ ಒತ್ತೊತ್ತಾಗಿ ಸುತ್ತಿದರು. ಬಿರಡೆ ಆರಿದ್ದರೂ ನಾಲ್ಕೇ ತಂತಿ ಹಾಕಿದೆವು. ಆರಕ್ಕೆ ನನ್ನ ಕೈ ಅಗಲವಾಗುತ್ತಿರಲಿಲ್ಲ. ಉಕ್ಕಿನಷ್ಟು ದನಿಯಿಲ್ಲ, ಕರುಳಿನಷ್ಟು ಇಂಪಿಲ್ಲ. ಆದರೆ ಒತ್ತಿದರೆ ಬಾಗುತ್ತಿತ್ತು, ನಾಳೆಯೂ ಒತ್ತಬಹುದು ಅನ್ನಿಸುತ್ತಿತ್ತು. ನನಗೆ ಅಷ್ಟು ಸಾಕಿತ್ತು.

ನಾಲ್ಕು ವರ್ಷ ನುಡಿಸಿದೆ. ದಿನಾ ಅಲ್ಲ. ವಾರಗಟ್ಟಲೆ ಗೋಡೆಗೆ ಒರಗಿಸಿಟ್ಟು ಅದರ ಕಡೆ ನೋಡದೆ ಮಲಗಿದ್ದೂ ಉಂಟು. ಬೆರಳು ಸೊಟ್ಟಗಾಗುವುದನ್ನು ಗಿಟಾರು ನಿಲ್ಲಿಸಲಿಲ್ಲ. ಬೇಗ ಆಗಬೇಕಾದ್ದು ನಿಧಾನವಾಗಿ ಆಯಿತು ಅಂತ ಡಾಕ್ಟರಮ್ಮ ಹೇಳಿದರು. ನಿಜವೋ, ಸಮಾಧಾನಕ್ಕೆ ಹೇಳಿದರೋ, ನಾನು ಕೇಳಲಿಲ್ಲ.

ಮಗಳು ಶಾಲೆಗೆ ಸೇರಿದ ವರ್ಷ ನನ್ನ ಎಡಗೈ ಒತ್ತುವುದನ್ನು ಪೂರ್ತಿ ಬಿಟ್ಟಿತು. ಒಂದು ಭಾನುವಾರ ಮಧ್ಯಾಹ್ನ ಮಾವ ಬಂದು ನನ್ನ ಎಡಕ್ಕೆ ಕೂತರು.

"ನಾನು ಒತ್ತುತೀನಿ, ನೀನು ಮೀಟು."

"ನಿಮಗೆ ತಾಳ ಗೊತ್ತಿಲ್ಲ ಮಾವ."

"ನೀನು ಹೇಳು, ನಾನು ಒತ್ತುತೀನಿ."

ಉಳಿ ಹಿಡಿದು ಕಾಯಿಗಟ್ಟಿದ ದಪ್ಪ ಬೆರಳು ಅವರದು. ಒಂದು ತಂತಿ ಒತ್ತಲು ಹೋಗಿ ಎರಡು ಒತ್ತುತ್ತಿದ್ದರು. ನಾನು ಸಿಡುಕಿದೆ. ಅವರೂ ಸಿಡುಕಿದರು. ಮತ್ತೆ ಮೊದಲಿನಿಂದ ಶುರು ಮಾಡಿದೆವು. "ಮ್ಯಾಲೆ", "ಕೆಳೀಕೆ", "ಬಿಡಿ" ಅಂತ ನಾನು ಹೇಳುತ್ತಾ, ಅವರು ಉಸಿರು ಬಿಗಿಹಿಡಿದು ಒತ್ತುತ್ತಾ, ಹೇಗೋ ಒಂದು ಸೋಬಾನೆ ಹಾಡು ಕೊನೆ ಮುಟ್ಟಿತು.

"ಇನ್ನೊಂದಾ?" ಎಂದರು.

"ಸಾಕು ಮಾವ, ತೋಳು ಸೋತೈತೆ."

ಅವರು ಗಿಟಾರನ್ನು ನನ್ನ ಮಡಿಲಿಂದ ಎತ್ತಿಟ್ಟು, ಕಾಫಿಗೆ ನೀರಿಡಲು ಒಳಗೆ ಹೋದರು.