ಒಂಬತ್ತನೇ ಷರತ್ತಿನ ನುಗ್ಗೆಮರ

ರಾಜಾಜಿನಗರದ ಒಂದು ಉಪನೋಂದಣಿ ಕಚೇರಿಯ ಎದುರು ಸಾಲಿನಲ್ಲಿ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲದ ಒಂದು ಸಾಮ್ರಾಜ್ಯವಿದೆ. ಅದರ ಚಕ್ಕುಬಂದಿ ಹೀಗೆ: ಪೂರ್ವಕ್ಕೆ ಅನಂತಲಕ್ಷ್ಮಿಯವರ ಜೆರಾಕ್ಸ್ ಅಂಗಡಿ, ಪಶ್ಚಿಮಕ್ಕೆ ಎಳನೀರಿನ ಗಾಡಿ, ಉತ್ತರಕ್ಕೆ ಚರಂಡಿ ಮೇಲಿನ ಕಲ್ಲುಚಪ್ಪಡಿ, ದಕ್ಷಿಣಕ್ಕೆ ಒಂದು ಹೊಂಗೆಮರ ಮತ್ತು ಅದರ ನೆರಳಿನಲ್ಲಿ ಮಲಗುವ, ಯಾರ ಹೆಸರಿಗೂ ನೋಂದಣಿಯಾಗದ ನಾಯಿ. ಈ ಗಡಿಗಳ ಒಳಗೆ ಅಂಗಡಿಯ ಜಗಲಿ, ಜಗಲಿಯ ಮೇಲೆ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಹಿಂದೆ ಇಪ್ಪತ್ತಾರು ವರ್ಷದಿಂದ ಆಳುತ್ತಿರುವ ಚಕ್ರವರ್ತಿ ದೊಡ್ಡಹನುಮಯ್ಯ. ವಯಸ್ಸು ಅರವತ್ತೊಂದು. ಕಸುಬು ಪತ್ರ ಬರೆಯುವುದು.

ಪ್ರೇಮಪತ್ರವಲ್ಲ. ಬಾಡಿಗೆ ಕರಾರು, ಭೋಗ್ಯದ ಕರಾರು, ಸಾಲಪತ್ರ, ಕೆಲಸದ ಒಪ್ಪಂದ. ಲಗ್ಗೆರೆಯಿಂದ ಕೆಂಗೇರಿಯವರೆಗೆ ಯಾರು ಯಾರಿಗೆ ಏನಾಗಬೇಕು ಎನ್ನುವುದನ್ನು ತೀರ್ಮಾನಿಸುವವನು ತಾನೇ ಎಂಬುದು ದೊಡ್ಡಹನುಮಯ್ಯನ ಖಚಿತ ನಂಬಿಕೆ. ವಿಜಯನಗರದ ಒಬ್ಬ ಮನುಷ್ಯ ಇನ್ನೊಬ್ಬನ ಕೈಗೆ ಹತ್ತು ಲಕ್ಷ ಇಡುತ್ತಾನೆ ಎನ್ನಿ. ದೊಡ್ಡಹನುಮಯ್ಯ ಅದನ್ನು 'ಸಾಲ' ಎಂದು ಟೈಪ್ ಮಾಡಿದರೆ ಅದಕ್ಕೆ ಬಡ್ಡಿ ಎಂಬ ಬಾಲ ಹುಟ್ಟುತ್ತದೆ. 'ಮುಂಗಡ' ಎಂದರೆ ಆ ದುಡ್ಡು ಸುಮ್ಮನೆ ಮಲಗುತ್ತದೆ. 'ದಾನ' ಎಂದರೆ ಹೊಸಿಲು ದಾಟಿ ಹೋಗಿ ತಿರುಗಿ ನೋಡುವುದಿಲ್ಲ. 'ಭೋಗ್ಯ' ಎಂದರೆ, ಆಹಾ, ಅದೇ ದುಡ್ಡು ಎರಡು ಕೋಣೆ, ಒಂದು ಅಡುಗೆಮನೆ, ದಿನ ಬಿಟ್ಟು ದಿನ ಬರುವ ಕಾವೇರಿ ನೀರಾಗಿ ಬದಲಾಗಿ, ಮೂರು ವರ್ಷ ಕಳೆದ ಮೇಲೆ ಮತ್ತೆ ನೋಟಿನ ಕಟ್ಟಾಗುತ್ತದೆ.

"ನೋಟಿನ ಕಟ್ಟಿಗೆ ತಾನು ಏನು ಅಂತ ಗೊತ್ತಿರಲ್ಲ ಸಾರ್," ಎನ್ನುತ್ತಾನೆ ಗಿರಾಕಿಗಳಿಗೆ. "ನಾವು ಹೇಳ್ಬೇಕು."

ಈ ಜ್ಞಾನ ಅವನಿಗೆ ಪುಸ್ತಕದಿಂದ ಬಂದದ್ದಲ್ಲ. ಬಿನ್ನಿಪೇಟೆಯಲ್ಲಿ ಅವನು ಹುಡುಗನಾಗಿದ್ದಾಗ ಅವನ ಅಪ್ಪ ಒಂದು ಬಟ್ಟೆ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ಒಂದೇ ಮಗ್ಗ ಓಡಿಸಿದ. ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಅವನ ಹಾಜರಿ ಟಿಕೆಟ್ಟಿನಲ್ಲಿ ಬರೆದಿದ್ದ ಪದ 'ಬದಲಿ'. ಯಾರದೋ ರಜೆಗೆ ಬಂದು ನಿಂತವನು ಎಂದರ್ಥ. ಆ ಯಾರೋ ಯಾರೆಂದು ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಸಂಜೆ ಮನೆಗೆ ಬಂದು ಟಿಕೆಟ್ಟನ್ನು ಗೂಡಿನಲ್ಲಿ ಇಡುವಾಗ, "ಇವತ್ತೂ ಬರ್ಲಿಲ್ಲ ಕಣೋ ಆ ಮಹರಾಯ," ಎಂದು ನಗುತ್ತಿದ್ದ. ಮಗ ಮಾತ್ರ ನಗದೆ ಆ ಪದವನ್ನೇ ದಿಟ್ಟಿಸುತ್ತಿದ್ದ. ದೊಡ್ಡವನಾಗಿ ಮಗ್ಗದ ಕಡೆ ಹೋಗಲಿಲ್ಲ, ಪದ ಬರೆಯುವ ಕಡೆ ಬಂದ.

ಬಂದು, ಪದಗಳಿಂದ ಪವಾಡ ಮಾಡಿದ. ನಾಲ್ಕು ವರ್ಷದ ಹಿಂದೆ ಬಸವೇಶ್ವರನಗರದ ನಿವೃತ್ತ ಲೆಕ್ಕದ ಮೇಷ್ಟ್ರು ಚಕ್ರಪಾಣಿ ತಮ್ಮ ಮನೆಗೆ ಅಡುಗೆಗೆ ಬರಲಿದ್ದ ವರಲಕ್ಷ್ಮಿಯನ್ನು ಕರೆದುಕೊಂಡು ಬಂದಿದ್ದರು. 'ಮನೆಗೆಲಸ' ಎಂದು ಬರೆಯಿರಿ ಎಂದರು. ದೊಡ್ಡಹನುಮಯ್ಯ ಕನ್ನಡಕ ಕೆಳಗಿಳಿಸಿ, "ಮನೆಗೆಲಸ ಅಂದ್ರೆ ಪಾತ್ರೆ, ಬಟ್ಟೆ, ನಾಯಿ ವಾಕಿಂಗು ಎಲ್ಲಾ ಸೇರ್ಕೊಳ್ಳುತ್ತೆ ಸಾರ್. ಇವರು ಅಡುಗೆಯವರು," ಎಂದು 'ಅಡುಗೆಯವರು' ಎಂದೇ ಟೈಪ್ ಮಾಡಿದ. ಆವತ್ತಿನಿಂದ ವರಲಕ್ಷ್ಮಿ ಆ ಮನೆಯ ಪೊರಕೆ ಮುಟ್ಟಿಲ್ಲ. ಆ ಉಪಕಾರಕ್ಕೋ ಏನೋ, ಪ್ರತಿ ವರ್ಷ ಏಪ್ರಿಲ್‌ನಲ್ಲಿ ಒಂದು ಕಟ್ಟು ನುಗ್ಗೆಕಾಯಿ ತಂದು ಮೇಜಿನ ಮೇಲಿಟ್ಟು, "ನೀವು ಬರ್ದಿದ್ದಲ್ವಾ ಅಣ್ಣ, ನಿಮಗೂ ಇರ್ಲಿ," ಎಂದು ಹೋಗುತ್ತಾಳೆ. ತಾನು ಬರೆದದ್ದಕ್ಕೂ ನುಗ್ಗೆಕಾಯಿಗೂ ಏನು ಸಂಬಂಧ ಎಂದು ಅವನು ಕೇಳಲಿಲ್ಲ. ಚಕ್ರವರ್ತಿಗಳು ಕಪ್ಪಕಾಣಿಕೆಯ ಕಾರಣ ಕೇಳುವುದಿಲ್ಲ.

ಇಷ್ಟೆಲ್ಲ ಬರೆದವನ ಸ್ವಂತ ಸಾಮ್ರಾಜ್ಯಕ್ಕೆ ಮಾತ್ರ ಒಂದು ಚೂರು ಕಾಗದವೂ ಇರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಅನಂತಲಕ್ಷ್ಮಿಯವರ ಯಜಮಾನರು, ಬಿಸಿಲಿನಲ್ಲಿ ಟೈಪ್‌ರೈಟರ್ ಹೊತ್ತು ನಿಂತಿದ್ದವನನ್ನು ನೋಡಿ, "ಇಲ್ಲೇ ಕೂತ್ಕೊಳಪ್ಪ," ಎಂದಿದ್ದರು. ಅಷ್ಟೇ ಕರಾರು. ಯಜಮಾನರು ಹೋದರು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಆ ಮಾತು ಉಳಿಯಿತು. ಬಾಡಿಗೆ ಇಲ್ಲ. ಬೆಳಿಗ್ಗೆ ಷಟರ್ ಎತ್ತುವುದು, ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಎಳೆಯುವುದು ದೊಡ್ಡಹನುಮಯ್ಯನ ಪಾಲು. ಹತ್ತೂವರೆಗೆ ಅನಂತಲಕ್ಷ್ಮಿಯವರ ಮನೆಯಿಂದ ಬರುವ ಕಾಫಿಯೂ ಅವನ ಪಾಲು.

ಈ ವರ್ಷ ಅನಂತಲಕ್ಷ್ಮಿಯವರಿಗೆ ಮಂಡಿನೋವು ಜೋರಾಗಿ, ಅಂಗಡಿ ಮಗಳು ಮಾಲವಿಕಾಳ ಕೈಗೆ ಬಂತು. ಮಾಲವಿಕಾಳ ಕೆಲಸವೇ ಒಂದು ದೊಡ್ಡ ಕಂಪನಿಯಲ್ಲಿ ಕರಾರುಗಳನ್ನು ಓದುವುದು. ಅದಕ್ಕೆ ಅವಳಿಗೆ ಸಂಬಳ ಕೊಡುತ್ತಾರೆಂದು ಕೇಳಿದಾಗ ದೊಡ್ಡಹನುಮಯ್ಯ ಬೆರಗಾಗಿದ್ದ. ಅವನ ಅನುಭವದಲ್ಲಿ ಕರಾರು ಬರೆಯುವವರಿದ್ದಾರೆ, ಸಹಿ ಹಾಕುವವರಿದ್ದಾರೆ. ಓದುವವರನ್ನು ಅವನು ಕಂಡಿರಲಿಲ್ಲ.

"ಅಂಕಲ್, ಒಂದು ವಿಷಯ," ಎಂದಳು ಅವಳು ಒಂದು ಶುಕ್ರವಾರ. "ಒಂದು ಕೊರಿಯರ್‌ನೋರು ಜಗಲಿ ಕೇಳ್ತಾ ಇದಾರೆ. ಪೂರ್ತಿ ಬೇಕಂತೆ. ಅಲ್ಲಿ ಬೇರೆ ಯಾರಾದ್ರೂ ಇದ್ರೆ ಪೇಪರ್ ತೋರಿಸಿ ಅಂತಾರೆ."

"ಪೇಪರ್ರಾ?"

"ನೀವೇ ಒಂದು ಅಗ್ರಿಮೆಂಟ್ ಬರ್ಕೊಂಡು ಬನ್ನಿ. ಸೋಮವಾರ ಸೈನ್ ಮಾಡೋಣ. ನೀವು ಏನೋ ಅದನ್ನ ಬರೀರಿ, ಅಷ್ಟೇ. ಇಲ್ಲ ಅಂದ್ರೆ ನಾನು ಅವರಿಗೆ ಇಲ್ಲ ಅನ್ನೋಕೆ ಆಗಲ್ಲ."

ನೀವು ಏನೋ ಅದನ್ನ. ಸಾವಿರಾರು ಜನರಿಗೆ ಅವರು ಏನೆಂದು ಹೇಳಿದ ಮನುಷ್ಯ ತಾನು ಏನು ಎಂದು ಬರೆಯಲು ಕೂತ. ಬರೆಯಲಾಗದಿದ್ದರೆ ಜಗಲಿ ಹೋಯಿತು.

ಮಧ್ಯಾಹ್ನ ಎರಡು ಗಂಟೆ. ನೋಂದಣಿ ಕಚೇರಿಯವರು ಊಟಕ್ಕೆ ಎದ್ದಿದ್ದರು. ಹೊಂಗೆಮರ ಅಲುಗಿದಾಗಲೆಲ್ಲ ಮೇಜಿನ ಮೇಲೆ ಬೆಳಕಿನ ಬಿಲ್ಲೆಗಳು ಉರುಳಾಡಿದವು. ಇದು ಅವನ ಮಂಪರಿನ ಹೊತ್ತು. ಕಣ್ಣು ಅರೆ ಮುಚ್ಚಿ, ಬೆರಳು ಮಾತ್ರ ಕೀಲಿಗಳ ಮೇಲೆ ನಡೆದವು. 'ಬಾಡಿಗೆದಾರ' ಎಂದು ಒತ್ತಿದ. ತಕ್ಷಣ ಅವನು ಹನ್ನೊಂದು ತಿಂಗಳ ಮನುಷ್ಯನಾದ. ಹನ್ನೆರಡನೆಯ ತಿಂಗಳಲ್ಲಿ ಯಾರೋ ಬಂದು ಅವನ ಬೆನ್ನಿಗೆ ಸುಣ್ಣ ಬಳಿದು, ಮೊಳೆ ಹೊಡೆದ ತೂತು ಎಣಿಸಿ, 'ಟು ಲೆಟ್' ಬೋರ್ಡು ನೇತುಹಾಕಿದರು. ಬೆಚ್ಚಿ ಅಳಿಸಿದ. 'ನೌಕರ' ಎಂದು ಒತ್ತಿದ. ನೌಕರರಿಗೆ ಅರವತ್ತಕ್ಕೆ ನಿವೃತ್ತಿ. ಪದ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಅವನ ಕೊರಳಿಗೆ ಹಾರ ಬಿದ್ದು, ಕೈಗೆ ಗೋಡೆ ಗಡಿಯಾರ ಬಂದು, ಫೋಟೊ ತೆಗೆದಾಗಿತ್ತು. ಅದನ್ನೂ ಅಳಿಸಿದ. 'ಸೇವೆ ಒದಗಿಸುವವರು' ಎಂದ. ಸೇವೆಗೆ ಪಟ್ಟಿ ಬೇಕು. ಷಟರ್ ಎತ್ತುವುದು, ಕಾಗದ ಎಳೆಯುವುದು. ಕಾಫಿ ಕುಡಿಯುವುದು, ಹೊಂಗೆ ನೋಡುವುದು ಪಟ್ಟಿಯಲ್ಲಿ ಬರಲಿಲ್ಲ. ಅವೆರಡನ್ನು ಕಳೆದರೆ ತನ್ನಲ್ಲಿ ಎಷ್ಟು ಉಳಿಯುತ್ತದೆ ಎಂದು ನೋಡಿದ. ಉಳಿದದ್ದು ಒಂದು ಜೊತೆ ಚಪ್ಪಲಿ.

ಇನ್ನೂ ಆಳದ ಮಂಪರಿನಲ್ಲಿ, ಜಗಲಿ ಎಂಬುದು ಯಜಮಾನರು ತನಗೆ ಕೊಟ್ಟ ಸಾಲವೇ ಎಂದು ಯೋಚಿಸಿದ. ಸಾಲವಾದರೆ ಹಿಂತಿರುಗಿಸಬೇಕು, ಬಡ್ಡಿಯೂ ಸೇರಬೇಕು. ಹತ್ತು ಚದರಡಿ ಜಗಲಿಗೆ ಇಪ್ಪತ್ತಾರು ವರ್ಷದ ಚಕ್ರಬಡ್ಡಿ ಬೆಳೆಯತೊಡಗಿತು. ಮೊದಲು ರಸ್ತೆ, ಆಮೇಲೆ ಬ್ಲಾಕು, ಆಮೇಲೆ ಇಡೀ ರಾಜಾಜಿನಗರವೇ ಜಗಲಿಯಾಗಿ ಹರಡಿಕೊಂಡು ವೆಸ್ಟ್ ಆಫ್ ಕಾರ್ಡ್ ರಸ್ತೆ ದಾಟಿತು. ಅದನ್ನೆಲ್ಲ ಸುರುಳಿ ಸುತ್ತಿ ತಲೆಯ ಮೇಲೆ ಹೊತ್ತು ಅವನು ಅನಂತಲಕ್ಷ್ಮಿಯವರ ಬಾಗಿಲಲ್ಲಿ ನಿಂತಿದ್ದ. ಅವರು, "ಇಷ್ಟೆಲ್ಲ ಎಲ್ಲಿಡೋದು ಹನುಮಯ್ಯ?" ಎಂದು ಕೇಳುತ್ತಿದ್ದರು. ಪಕ್ಕದಲ್ಲಿ ಅಪ್ಪ ಟಿಕೆಟ್ಟು ಹಿಡಿದು ನಿಂತು ಇವನ ಕಡೆ ನೋಡುತ್ತಿದ್ದ.

ಎಚ್ಚರಾದಾಗ ಮೂರು ಗಂಟೆ. ಚಕ್ರವರ್ತಿ ಸೋತಿದ್ದ. ಎಲ್ಲ ಗಿರಾಕಿಗಳಿಗೂ ಬಳಸುವ ತನ್ನ ಹಳೆಯ ಫೈಲು ತೆರೆದು, ಎರಡನೇ ಪಕ್ಷ ಎಂಬಲ್ಲಿ ತನ್ನ ಹೆಸರು ಹಾಕಿ, ಮುಂದೆ 'ಅನುಮತಿದಾರ' ಎಂದು ಬರೆದ. ಕೂರಲು ಅನುಮತಿ ಪಡೆದವನು. ಯಾವಾಗ ಬೇಕಾದರೂ ಏಳಿಸಬಹುದು. ಹೆಚ್ಚುಕಡಿಮೆ 'ಬದಲಿ'ಯ ತಮ್ಮ. ಪ್ರಿಂಟ್ ತೆಗೆದು, ಓದದೆ ಮಡಚಿಟ್ಟ.

ಸೋಮವಾರ ಅಂಗಡಿಯೊಳಗೆ ಮಾಲವಿಕಾ ಕಾಗದ ಬಿಡಿಸಿದಳು. ಮೂಲೆಯ ಕುರ್ಚಿಯಲ್ಲಿ ಅನಂತಲಕ್ಷ್ಮಿ ಮಂಡಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಮಾಲವಿಕಾ ಮೊದಲ ಸಾಲಿನಿಂದ ಓದತೊಡಗಿದಳು. ಎರಡನೇ ಸಾಲೂ ಓದಿದಳು! ಒಂಬತ್ತನೇ ಷರತ್ತಿಗೆ ಬಂದಾಗ ಅವಳ ಹುಬ್ಬು ಮೇಲೇರಿತು.

"ಅಂಕಲ್, ಏನಿದು? 'ಹಿತ್ತಲಿನ ನುಗ್ಗೆಮರದ ಕಾಯಿಗಳಲ್ಲಿ ಉಭಯ ಪಕ್ಷದವರಿಗೂ ಸಮಪಾಲು ಇರತಕ್ಕದ್ದು. ಮರ ಇರುವವರೆಗೂ ಈ ಹಕ್ಕನ್ನು ಯಾರೂ ತಪ್ಪಿಸತಕ್ಕದ್ದಲ್ಲ.' ಎಲ್ಲಿದೆ ನುಗ್ಗೆಮರ?"

ದೊಡ್ಡಹನುಮಯ್ಯ ಕಾಗದ ಇಸಿದುಕೊಂಡು ನೋಡಿದ. ಹದಿನೈದು ವರ್ಷದ ಹಿಂದೆ ಲಗ್ಗೆರೆಯ ಮನೆ ಮಾಲೀಕ ಅಮೀನಪ್ಪನಿಗೂ ಬಾಡಿಗೆಗೆ ಬಂದ ಗಿರಿರಾಜನಿಗೂ ಹಿತ್ತಲಿನ ನುಗ್ಗೆಮರದ ಬಗ್ಗೆ ಕೈ ಕೈ ಮಿಲಾಯಿಸುವಷ್ಟು ಜಗಳವಾದಾಗ, ಇಬ್ಬರನ್ನೂ ಇದೇ ಜಗಲಿಯಲ್ಲಿ ಕೂರಿಸಿ, ಇಡೀ ಮಧ್ಯಾಹ್ನ ತಲೆಕೆಡಿಸಿಕೊಂಡು ಅವನು ರಚಿಸಿದ ಷರತ್ತು ಅದು. ಅದೇ ಫೈಲಿನ ಮೇಲೆ ಮುಂದಿನ ಗಿರಾಕಿಯ ಹೆಸರು ಹಾಕಿದ್ದ. ಅದರ ಮೇಲೆ ಇನ್ನೊಬ್ಬರದು. ಹೆಸರು, ಮೊತ್ತ, ತಾರೀಕು ಬದಲಾಗುತ್ತ ಬಂದವು. ಒಂಬತ್ತನೇ ಷರತ್ತು ಕದಲದೆ ಕೂತಿತ್ತು. ಇದನ್ನೆಲ್ಲ ತಡವರಿಸುತ್ತ ಹೇಳಿದ.

"ಹಾಗಾದ್ರೆ... ಎಲ್ಲದ್ರಲ್ಲೂ?" ಎಂದಳು ಮಾಲವಿಕಾ.

"ಎಲ್ಲದ್ರಲ್ಲೂ," ಎಂದ ಚಕ್ರವರ್ತಿ ಪಿಸುದನಿಯಲ್ಲಿ.

ಅವನ ಕಣ್ಣೆದುರು ಪಶ್ಚಿಮ ಬೆಂಗಳೂರು ಎದ್ದು ನಿಂತಿತು. ಬಿನ್ನಿಪೇಟೆಯ ಹದಿನಾಲ್ಕನೇ ಮಹಡಿಯ ಬಾಲ್ಕನಿಯಿಂದ ನುಗ್ಗೆಕೊಂಬೆ ಚಾಚಿತ್ತು. ವಿಜಯನಗರದ ಕೈಸಾಲಗಳಿಂದ ಎಳೆಯ ಕಾಯಿ ಇಳಿಬಿದ್ದಿದ್ದವು. ಕೆಂಗೇರಿಯ ಟ್ಯೂಷನ್ ಮೇಡಂ, ನಾಗರಬಾವಿಯ ಡ್ರೈವರು, ಮಾಗಡಿ ರಸ್ತೆಯ ಷಾಮಿಯಾನದವರು, ಎಲ್ಲರಿಗೂ ಇಲ್ಲದ ಮರದಲ್ಲಿ ಸಮಪಾಲು. ಬಿಳಿ ಹೂವು ಸಣ್ಣ ಮಳೆಯಂತೆ ಮೆಟ್ರೊ ಹಳಿಯ ಮೇಲೆ ಉದುರುತ್ತಿತ್ತು. ನಾಚಿಕೆಯ ನಡುವೆಯೂ ಅವನಿಗೆ ಆ ನೋಟ ಚೆನ್ನಾಗಿಯೇ ಕಂಡಿತು. ಹಾಗೆಯೇ ವರಲಕ್ಷ್ಮಿಯ ಕಟ್ಟು ನೆನಪಾಯಿತು. ಚಕ್ರಪಾಣಿ ಮೇಷ್ಟ್ರ ಹಿತ್ತಲಲ್ಲಿ ನಿಜವಾಗಿಯೂ ನುಗ್ಗೆಮರವಿತ್ತು. ಲೆಕ್ಕದ ಮೇಷ್ಟ್ರು ಷರತ್ತು ಓದಿ, ವರ್ಷ ವರ್ಷ ಕಾಯಿ ಎಣಿಸಿ ಅರ್ಧ ಕೊಟ್ಟಿದ್ದರು!

"ತಪ್ಪಾಯ್ತು ಮಾಲವಿಕಮ್ಮ. ಇಂಥ ಕೈಯಿಂದ ಇನ್ನು ಪತ್ರ ಬರೀಬಾರ್ದು. ಜಗಲಿ ಆ ಕೊರಿಯರ್‌ನೋರಿಗೇ ಕೊಟ್ಬಿಡಿ," ಎಂದು ಏಳಹೊರಟ.

ಮಾಲವಿಕಾ ಆಗಲೇ ಮೊಬೈಲ್ ತೆಗೆದು ಏನನ್ನೋ ಹುಡುಕುತ್ತಿದ್ದಳು. ಅನ್ನಪೂರ್ಣೇಶ್ವರಿ ನಗರದ ತನ್ನ ಬಾಡಿಗೆ ಫ್ಲಾಟಿನ ಕರಾರು. ಹೋದ ವರ್ಷ ದೊಡ್ಡಹನುಮಯ್ಯನೇ ಬರೆದದ್ದು. ಹುಡುಕಿದಳು, ಓದಿದಳು, ಕೆಂಪಾದಳು.

"ಏನೇ ಅದು?" ಎಂದರು ಅನಂತಲಕ್ಷ್ಮಿ.

"ನಂದ್ರಲ್ಲೂ ಇದೆ ಅಮ್ಮ. ನಮ್ಮ ಓನರ್ ಜೊತೆ ನುಗ್ಗೆಕಾಯಿ. ಐದನೇ ಫ್ಲೋರು."

"ಕರಾರು ಓದೋದೇ ನಿನ್ನ ಕೆಲಸ ಅಂತಿದ್ದೆ?"

"ಅಂಕಲ್ ಬರ್ದಿದ್ದು ಅಂತ ಓದ್ದೆ ಸೈನ್ ಮಾಡ್ಬಿಟ್ಟೆ."

ಅನಂತಲಕ್ಷ್ಮಿ ನಕ್ಕರು. ನಗು ಮಂಡಿಗೆ ತಾಗಿ "ಅಯ್ಯಯ್ಯೋ" ಎಂದು ಮತ್ತೆ ನಕ್ಕರು. ಆಮೇಲೆ ಮಗಳ ಕಡೆ ನೋಡಿ, "ನಿಮ್ಮಪ್ಪನೂ ಹಾಗೇ, ಓದ್ದೆ ಕೂರಿಸಿದ್ರು," ಎಂದರು.

ಮಾಲವಿಕಾ ಕಾಗದವನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು. ಪೆನ್ನು ತೆಗೆದು 'ಅನುಮತಿದಾರ' ಎಂಬುದರ ಮೇಲೆ ಒಂದು ಗೆರೆ ಎಳೆದಳು. ಒಂಬತ್ತನೇ ಷರತ್ತಿನ ಕೆಳಗೆ ಎರಡು ಗೆರೆ ಎಳೆದಳು.

"ಇದನ್ನ ತೆಗೀಬೇಡಿ ಅಂಕಲ್. ಸಮಪಾಲು ಅಂತ ಇದೆಯಲ್ಲ, ಹಾಗಾದ್ರೆ ನೀವು ಪಾಲುದಾರರು. ಹಾಗೇ ಬರೀರಿ. ಮರ ಇರೋವರೆಗೂ ಇಲ್ಲೇ ಕೂತ್ಕೊಳ್ಳೋ ಹಕ್ಕು ಅಂತಾನೂ ಸೇರ್ಸಿ. ಕೊರಿಯರ್‌ನೋರು ಬೇಕಿದ್ರೆ ಆ ಕಡೆ ಅರ್ಧ ತಗೊಳ್ಲಿ."

"ಮರವೇ ಇಲ್ವಲ್ಲಮ್ಮ."

"ನೆಡಿ."

"ಮನೆ ಮುಂದೆ ನುಗ್ಗೆ ನೆಡಬಾರದು ಕಣೇ!" ಎಂದು ಅನಂತಲಕ್ಷ್ಮಿ ಗಾಬರಿಯಾದರು.

ಇಷ್ಟು ಹೊತ್ತು ಕುಗ್ಗಿದ್ದ ದೊಡ್ಡಹನುಮಯ್ಯನ ಬೆನ್ನು ನೆಟ್ಟಗಾಯಿತು. "ಮನೆ ಅಲ್ಲ ಅಮ್ಮಾ. ಎರಡನೇ ಷರತ್ತು ನೋಡಿ, 'ವಾಣಿಜ್ಯ ಮಳಿಗೆ' ಅಂತ ಬರ್ದಿದೀನಿ."

ಅನಂತಲಕ್ಷ್ಮಿ ಕಾಗದ ಇಸಿದುಕೊಂಡು ಎರಡನೇ ಷರತ್ತಿನ ಮೇಲೆ ಬೆರಳಿಟ್ಟು ನೋಡಿದರು.

ದೊಡ್ಡಹನುಮಯ್ಯ ಹೊರಗೆ ಬಂದು, 'ಪಾಲುದಾರ' ಎಂದು ಒಂದೊಂದೇ ಅಕ್ಷರ ಒತ್ತಿದ. ಒತ್ತಿ, ಜೀವನದಲ್ಲಿ ಮೊದಲ ಬಾರಿಗೆ ತನ್ನ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಸಹಿಯಾಯಿತು. ಅದರ ಒಂದು ಜೆರಾಕ್ಸನ್ನು ಬಿನ್ನಿಪೇಟೆಯ ಮನೆಗೆ ಒಯ್ದು, ಅಪ್ಪನ ಟಿಕೆಟ್ಟಿದ್ದ ಗೂಡಿನಲ್ಲೇ ಇಟ್ಟ.

ಅವನು ಹೇಳಿಕಳಿಸಿದ್ದಕ್ಕೆ, ವಾರದೊಳಗೆ ವರಲಕ್ಷ್ಮಿ ಮೇಷ್ಟ್ರ ಹಿತ್ತಲಿನಿಂದ ತೋಳುದ್ದದ ನುಗ್ಗೆಕೊಂಬೆ ಕಡಿಸಿ ತಂದಳು. "ಇದ್ರಲ್ಲಿ ನಂಗೂ ಅರ್ಧ ಪಾಲಾ ಅಣ್ಣ?" ಎಂದು ಕೇಳಿ, ಅವನ ಮುಖ ನೋಡಿ ನಕ್ಕಳು. ಒಡೆದ ನೀಲಿ ಡ್ರಮ್ಮಿಗೆ ಮಣ್ಣು ತುಂಬಿ, ಕೊಂಬೆ ಊರಿ, ತುದಿಗೆ ಸಗಣಿ ಮೆತ್ತಿ, ಡ್ರಮ್ಮನ್ನು ಸಾಮ್ರಾಜ್ಯದ ದಕ್ಷಿಣ ಗಡಿಯಲ್ಲಿ ಇಟ್ಟರು.

ನೀರು ಯಾರು ಹಾಕಬೇಕು ಎಂದು ಯಾವ ಷರತ್ತಿನಲ್ಲೂ ಬರೆದಿರಲಿಲ್ಲ. ಚಕ್ರವರ್ತಿಯೇ ದಿನಕ್ಕೆ ಮೂರು ಸಲ ಚೊಂಬು ಹಿಡಿದು ಎದ್ದ. ಗಿರಾಕಿಗಳನ್ನು ಅರ್ಧದಲ್ಲಿ ಬಿಟ್ಟು ಬಗ್ಗಿ ನೋಡಿದ. ಹದಿನೆಂಟು ದಿನ ಅದು ಬರೀ ಕಡ್ಡಿಯಾಗಿಯೇ ನಿಂತಿತ್ತು. ಹತ್ತೊಂಬತ್ತನೆಯ ದಿನ ಮಧ್ಯಾಹ್ನ, ಮಂಪರಿನಿಂದ ಕಣ್ಣು ಬಿಟ್ಟಾಗ, ಸಾಸಿವೆಯಷ್ಟು ಹಸಿರು ಕಂಡಿತು. ಕನಸೋ ಎಂದು ಬೆರಳಿನಿಂದ ಮುಟ್ಟಿ ನೋಡಿದ. ಹೊಂಗೆಯ ಕೆಳಗೆ ಮಲಗಿದ್ದ ನಾಯಿ ಎದ್ದು ಬಂದು ಡ್ರಮ್ಮನ್ನು ಮೂಸಿ, ಇನ್ನೂ ಬಾರದ ನೆರಳನ್ನು ಅಂದಾಜು ಮಾಡಿ, ಅಲ್ಲೇ ಸುತ್ತಿಕೊಂಡು ಮಲಗಿತು.